ಸಿಹಿ ಇಲ್ದಿರೋ ಆಪಲ್ ಸೈಡರ್ ಆಸ್ಟ್ರೇಲಿಯಾದಲ್ಲಿ ಎಲ್ಲಿ ಸಿಗುತ್ತೆ? ಹೋಬಾರ್ಟ್ ಕಡೆ ಹೋಗ್ತಿದೀವಿ, ಸ್ವಲ್ಪ ಹೇಳಿ

ಮಂಜು_ಮೆಲ್ಬರ್ನ್:
ಎಲ್ರಿಗೂ ನಮಸ್ಕಾರ. ಗ್ಲೂಟನ್ ಆಗಲ್ಲ ಅಂತ ಡಾಕ್ಟರ್ ಹೇಳಿದ್ಮೇಲೆ ಬೀರ್ ಬಿಟ್ಟೆ, ಆವಾಗ್ಲಿಂದ ಶುಕ್ರವಾರ ಆಫೀಸ್ನೋರ ಜೊತೆ ಪಬ್ಬಿಗೆ ಹೋದ್ರೆ ಸೈಡರೇ ಗತಿ. ಆದ್ರೆ ಟ್ಯಾಪಲ್ಲಿ ಬರೋದೆಲ್ಲಾ ಸಿಕ್ಕಾಪಟ್ಟೆ ಸಿಹಿ ಗುರು, ಅರ್ಧ ಗ್ಲಾಸ್ ಆಗೋಷ್ಟರಲ್ಲಿ ಸಾಕಪ್ಪ ಅನ್ಸುತ್ತೆ. ಕ್ರಾಫ್ಟ್ ಸೈಡರ್, ಅಂದ್ರೆ ಸಣ್ಣ ಪ್ರಮಾಣದಲ್ಲಿ ಮಾಡೋರದು, ಬೇರೇನೇ ಇರುತ್ತೆ ಅಂತ ಒಬ್ರು ಹೇಳಿದ್ರು. ಏಪ್ರಿಲ್ ಸ್ಕೂಲ್ ರಜಕ್ಕೆ ಟ್ಯಾಸ್ಮೇನಿಯಾಗೆ ಹೋಗ್ತಿದೀವಿ, ಅಲ್ಲಿ ಏನು ಟೇಸ್ಟ್ ಮಾಡ್ಬೇಕು, ಹೇಗೆ ಆರಿಸ್ಬೇಕು? ಇನ್ನೊಂದು ವಿಷ್ಯ, ನನ್ ಹೆಂಡ್ತಿ ಪಕ್ಕಾ ವೆಜ್, ಸೈಡರಲ್ಲಿ ಪ್ರಾಣಿದೇನಾದ್ರೂ ಹಾಕ್ತಾರಾ ಅಂತ ಕೇಳ್ತಿದಾಳೆ, ನಂಗೆ ಗೊತ್ತಿಲ್ಲ.

ಬೀರ್‌ಬಲ್:
ಸೈಡರ್ ಅಂದ್ರೆ ಆಪಲ್ ಜ್ಯೂಸಿಗೆ ಗ್ಯಾಸ್ ಹಾಕಿದ್ದು. ಗ್ಲೂಟನ್ ಇಲ್ದಿರೋ ಬೀರೇ ಸಿಗುತ್ತಲ್ಲ ಮಗಾ, ಅದನ್ನ ಕುಡಿ.

ಹುವಾನ್_ಹೊಳೆ:
ಬೀರ್‌ಬಲ್ ಅವ್ರೇ ಒಂದ್ಸಲ ಈ ಕಡೆ ಬನ್ನಿ ಆಮೇಲೆ ಮಾತಾಡಣ 😄

ಮಂಜು, ನಾನಿರೋದು ಹೋಬಾರ್ಟ್ ದಕ್ಷಿಣಕ್ಕೆ, ಸುತ್ತ ಸೇಬಿನ ತೋಟಗಳೇ. ಮೊದ್ಲು ಒಂದು ತಿಳ್ಕೊಂಡ್ಬಿಡಿ, ಸೈಡರನ್ನ ಅದರ ಪಾಡಿಗೆ ಬಿಟ್ರೆ ಅದು ಸಿಹಿ ಇರೋದೇ ಇಲ್ಲ. ಸೇಬಿನ ರಸದಲ್ಲಿರೋ ಸಕ್ಕರೆನ ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದ್ಹಾಕುತ್ತೆ, ಕೊನೆಗೆ ಉಳಿಯೋದು 5-7 ಪರ್ಸೆಂಟ್ ಆಲ್ಕೋಹಾಲು, ಹುಳಿ, ಪರಿಮಳ ಅಷ್ಟೇ. ನೀವು ಪಬ್ಬಲ್ಲಿ ಕುಡಿದ ಸಿಹಿ ಆಮೇಲೆ ಸೇರಿಸಿದ್ದು, ರಸಾನೋ ಸಕ್ಕರೆನೋ ಹಾಕಿರ್ತಾರೆ, ಇಲ್ಲಾ ಹುಳಿಯೋದು ಮುಗಿಯೋಕೆ ಮುಂಚೆ ತಣ್ಣಗೆ ಮಾಡಿ ಫಿಲ್ಟರ್ ಹಾಕಿ ಯೀಸ್ಟ್ ನಿಲ್ಲಿಸಿರ್ತಾರೆ. ಅಂದ್ರೆ ಸಿಹಿ ಎಷ್ಟಿರ್ಬೇಕು ಅನ್ನೋದು ಮಾಡೋನ ಕೈಲಿದೆ, ಜಾಸ್ತಿ ಜನಕ್ಕೆ ಸಿಹಿ ಬೇಕು ಅದಕ್ಕೇ ಹಾಗೆ ಮಾಡ್ತಾರೆ. ನೀವು ಲೇಬಲಲ್ಲಿ 'ಡ್ರೈ' ಅಥವಾ 'ಬೋನ್ ಡ್ರೈ' ಅಂತ ಇದ್ಯಾ ನೋಡಿ ತಗೊಳಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಇಲ್ಲಿಗೆ ಬಂದ್ರೆ ಹುವಾನ್ ವ್ಯಾಲಿಲಿ ಗ್ರೋವ್ ಅನ್ನೋ ಊರಲ್ಲಿ ವಿಲ್ಲಿ ಸ್ಮಿತ್ಸ್ ಅವ್ರ ಆಪಲ್ ಶೆಡ್ ಇದೆ, ಹೋಬಾರ್ಟಿಂದ ಅರ್ಧ ಗಂಟೆ, ಹೈವೇ ಪಕ್ಕಾನೇ. ಆ ಮನೆತನದ ವಿಲಿಯಂ ಸ್ಮಿತ್ 1888ರಲ್ಲಿ ಮೊದಲ ಗಿಡ ನೆಟ್ಟಿದ್ದು, ಸೈಡರ್ ಬ್ರ್ಯಾಂಡ್ ಶುರು ಆಗಿದ್ದು ಮಾತ್ರ 2012ರಲ್ಲಿ. ಬೋನ್ ಡ್ರೈಯಿಂದ ಶುರು ಮಾಡಿ, ಆಮೇಲೆ ಟ್ರೆಡಿಷನಲ್. ಸಿಹಿದು ಮೊದ್ಲು ಕುಡಿದ್ರೆ ಡ್ರೈ ಇರೋದು ನೀರು ನೀರು ಅನ್ಸುತ್ತೆ, ಹಾಗಾಗಿ ಆರ್ಡರ್ ಮುಖ್ಯ.

ಧಾರವಾಡ_ಪೇಢಾ:
ಏನ್ರಿ ಹುವಾನ್ ಅಣ್ಣಾರ, 1888ರಿಂದ ತ್ವಾಟ ಐತಿ ಅಂದ್ರ 2012ರ ತನಕ ಸೈಡರ್ ಯಾಕ್ ಮಾಡ್ಲಿಲ್ರಿ ಅವ್ರು? ಅಷ್ಟ್ ವರ್ಷ ಏನ್ ಮಾಡ್ತಿದ್ರು?

ಹುವಾನ್_ಹೊಳೆ:
ಒಳ್ಳೆ ಪ್ರಶ್ನೆ ರೀ. ಹಣ್ಣು ಮಾರ್ತಿದ್ರು, ಅಷ್ಟೇ. ಟ್ಯಾಸ್ಮೇನಿಯಾಗೆ 'ಆಪಲ್ ಐಲ್' ಅಂತಾನೇ ಹೆಸರಿತ್ತು, ಇಲ್ಲಿ ಪೆಟ್ಟಿಗೆ ತುಂಬಿದ್ರೆ ಹಡಗು ಸೀದಾ ಇಂಗ್ಲೆಂಡಿಗೆ. ನಮ್ಮಲ್ಲಿ ಬೇಸಿಗೆ ಮುಗಿಯೋ ಟೈಮಿಗೆ ಅಲ್ಲಿ ಹಣ್ಣಿರ್ತಿರ್ಲಿಲ್ಲ ನೋಡಿ, ಒಳ್ಳೆ ರೇಟ್. 1973ರಲ್ಲಿ ಬ್ರಿಟನ್ ಯುರೋಪಿನ ಕಾಮನ್ ಮಾರ್ಕೆಟ್ ಸೇರಿತಲ್ಲ, ಆ ವ್ಯಾಪಾರ ಬಿದ್ದೋಯ್ತು. ಸರ್ಕಾರಾನೇ ದುಡ್ಡು ಕೊಟ್ಟು ಮರ ಕೀಳಿಸ್ತು, ಟ್ರೀ ಪುಲ್ ಸ್ಕೀಮ್ ಅಂತ. ನಮ್ ಪಕ್ಕದ ತೋಟದ ಅಜ್ಜ ಇದನ್ನ ಹೇಳುವಾಗ ಈಗ್ಲೂ ದನಿ ಏರುತ್ತೆ, ಅಪ್ಪ ನೆಟ್ಟ ಮರ ಮಗನೇ ಬುಲ್ಡೋಜರ್ ತಂದು ಕಿತ್ತ ಅಂತ. ಉಳ್ಕೊಂಡ ತೋಟದೋರು ಎಷ್ಟೋ ವರ್ಷ ಹೇಗೋ ಎಳೆದ್ರು. ಸೂಪರ್‌ಮಾರ್ಕೆಟ್ನೋರಿಗೆ ಒಂದೇ ಸೈಜು, ಒಂದೇ ಬಣ್ಣ, ಒಂದು ಕಲೆ ಇರ್ಬಾರ್ದು, ಹಾಗಾಗಿ ಪ್ರತಿ ಸೀಸನ್ ರಿಜೆಕ್ಟ್ ಆಗೋ ಹಣ್ಣು ರಾಶಿ ರಾಶಿ, ಜ್ಯೂಸ್ ಫ್ಯಾಕ್ಟರಿಗೆ ಮೂರ್ಕಾಸಿಗೆ ಹೋಗ್ತಿತ್ತು. ಆ ಹಣ್ಣಿಗೆ ಸೈಡರಲ್ಲಿ ಬೆಲೆ ಸಿಕ್ತು. ಇಲ್ಲಿ ಕ್ರಾಫ್ಟ್ ಸೈಡರ್ ಅನ್ನೋದು ಫ್ಯಾಶನಿಗೆ ಬಂದಿದ್ದಲ್ಲ ಮಾರಾಯ್ರೆ, ತೋಟ ಉಳಿಸ್ಕೊಳೋಕೆ ಬಂದಿದ್ದು.

ಕುಡ್ಲ_ಅಕ್ಕ:
ಪರ್ತ್‌ನಿಂದ ನಮಸ್ಕಾರ. ಹುವಾನ್ ಹೇಳಿದ್ದು ಸರಿ ಉಂಟು, ಆದ್ರೆ ಟ್ಯಾಸ್ಮೇನಿಯಾ ಒಂದೇ ಅಲ್ಲ ಮಾರಾಯ್ರೆ. ಪಿಂಕ್ ಲೇಡಿ ಅನ್ನುವ ಸೇಬಿನ ತಳಿ ಹುಟ್ಟಿದ್ದು ನಮ್ಮ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ, ಜಾನ್ ಕ್ರಿಪ್ಸ್ ಅಂತ ಸರ್ಕಾರಿ ವಿಜ್ಞಾನಿ 1973ರಲ್ಲಿ ಗೋಲ್ಡನ್ ಡೆಲಿಶಿಯಸ್ಸಿಗೆ ಲೇಡಿ ವಿಲಿಯಮ್ಸ್ ಕ್ರಾಸ್ ಮಾಡಿ ತೆಗ್ದದ್ದು. ಆ ಲೇಡಿ ವಿಲಿಯಮ್ಸ್ ಡಾನಿಬ್ರೂಕ್ ಹತ್ರ ತಾನಾಗೇ ಹುಟ್ಟಿದ ಗಿಡ, ಯಾರೂ ನೆಟ್ಟದ್ದಲ್ಲ. ಪಿಂಕ್ ಲೇಡಿ ಸೈಡರಿಗೆ ಭಾರಿ ಒಳ್ಳೇದು, ಹುಳಿಯೂ ಉಂಟು ಸಕ್ಕರೆಯೂ ಉಂಟು. ಇಲ್ಲಿ ಪರ್ತ್ ಹಿಲ್ಸಲ್ಲಿ ಪಿಕರಿಂಗ್ ಬ್ರೂಕ್ ಹತ್ರ ಕೋರ್ ಸೈಡರ್ ಅಂತ ಉಂಟು, ತೋಟದ ಒಳಗೇ ಕೂತು ಕುಡೀಬಹುದು, ಮಕ್ಕಳಿಗೆ ಓಡ್ಲಿಕ್ಕೆ ಜಾಗ ಬೇಕಾದಷ್ಟು.

ಮಂಜು, ನಿಮ್ಮ ಹೆಂಡತಿಯ ಪ್ರಶ್ನೆ ಯಾರೂ ಮುಟ್ಲಿಲ್ಲ, ನಾನು ಹೇಳ್ತೇನೆ. ಸೈಡರ್ ತಿಳಿ ಆಗ್ಲಿಕ್ಕೆ ಕೆಲವರು ಜೆಲಟಿನ್ ಹಾಕ್ತಾರೆ, ಕೆಲವರು ಐಸಿಂಗ್ಲಾಸ್, ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಾಡುವುದು. ಎಲ್ಲ ಅಡಿಗೆ ಇಳಿದ ಮೇಲೆ ಮೇಲಿನ ತಿಳಿ ತೆಗೀತಾರೆ, ಆದ್ರೂ ವೆಜ್‌ನವರಿಗೆ ಮನಸ್ಸಿಗೆ ಸರಿ ಬರ್ಲಿಕ್ಕಿಲ್ಲ. ವೀಗನ್ ಅಂತ ಬರ್ದದ್ದನ್ನೇ ನೋಡಿ ತಗೊಳಿ. ಬೆಂಟೊನೈಟ್ ಅಂತ ಒಂದು ಜೇಡಿಮಣ್ಣು ಹಾಕಿ ತಿಳಿ ಮಾಡುವವರೂ ಇದ್ದಾರೆ, ಅದು ತೊಂದ್ರೆ ಇಲ್ಲ. ಏನೂ ಹಾಕದೆ ಮಸುಕಾಗೇ ಬಿಟ್ಟದ್ದಕ್ಕೆ ಕ್ಲೌಡಿ ಅಂತಾರೆ, ಆದ್ರೂ ಕೌಂಟರಲ್ಲಿ ಕೇಳಿಯೇ ತಗೊಳಿ. ತೋಟದವರು ಸರಿಯಾಗಿ ಹೇಳ್ತಾರೆ.

ಮಂಜು_ಮೆಲ್ಬರ್ನ್:
ಅಕ್ಕಾ ತುಂಬಾ ಥ್ಯಾಂಕ್ಸ್, ಮೀನಿನ ಗಾಳಿಚೀಲ ಅಂದ ತಕ್ಷಣ ಹೆಂಡ್ತಿ ಮುಖ ನೋಡ್ಬೇಕಿತ್ತು.

ಸಾಮರ್ಸೆಟ್_ಸುಬ್ಬು:
ನಾನು ಇಂಗ್ಲೆಂಡಲ್ಲಿ ಹತ್ತಾರು ವರ್ಷ ಇದ್ದು ಈಗ ಗಿಪ್ಸ್‌ಲ್ಯಾಂಡ್ ಕಡೆ ಬಂದಿರೋನು. ಕಹಿ ಸತ್ಯ ಹೇಳ್ತೀನಿ ಯಾರೂ ಬೇಜಾರ್ ಮಾಡ್ಕೋಬೇಡಿ. ಪಿಂಕ್ ಲೇಡಿ, ಗಾಲಾ, ಫ್ಯೂಜಿ ಎಲ್ಲಾ ತಿನ್ನೋ ಹಣ್ಣು, ಅದ್ರಲ್ಲಿ ಟ್ಯಾನಿನ್ನೇ ಇಲ್ಲ, ಅಂದ್ರೆ ಬಾಯಿಗೆ ಒಗರು ಕೊಡೋ ಅಂಶ. ಸೈಡರಿಗೆ ಅಂತಾನೇ ಬೇರೆ ಸೇಬಿದೆ, ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್, ಯಾರ್ಲಿಂಗ್ಟನ್ ಮಿಲ್. ಹಸಿ ಕಚ್ಚಿದ್ರೆ ಬಾಯೆಲ್ಲಾ ಒಗರು, ಉಗಿದ್ಬಿಡ್ತೀರಿ, ಆದ್ರೆ ಹುಳಿದ ಮೇಲೆ ಅದೇ ಒಗರು ಬಾಯಲ್ಲಿ ತೂಕ ಕೊಡುತ್ತೆ. ಅದಿಲ್ದೇ ಮಾಡಿದ್ದು ತೆಳ್ಳಗೆ ವೈಟ್ ವೈನ್ ಇದ್ದಂಗೆ, ಕುಡಿದ್ರೆ ನೆನಪಲ್ಲಿ ಉಳಿಯಲ್ಲ. ಅದಕ್ಕೇ ಇಲ್ಲಿನೋರು ಸಿಹಿ ಹಾಕಿ ತುಂಬಿಸೋದು.

ಇಲ್ಲೇ ವಿಕ್ಟೋರಿಯಾದ ಹಾರ್ಕೋರ್ಟಲ್ಲಿ ಹೆನ್ರಿ ಆಫ್ ಹಾರ್ಕೋರ್ಟ್ ಅನ್ನೋ ಸೈಡರ್ ಮಾಡೋರು ಇದಾರೆ, ಇಂಗ್ಲಿಷ್ ಫ್ರೆಂಚ್ ಸೈಡರ್ ತಳಿಗಳನ್ನೇ ಬೆಳೆಸ್ತಾರೆ. ನಮ್ ಕಡೆ ಫಾಸ್ಟರ್ ಹತ್ರ ಗರ್ನೀಸ್, ಗುಡ್ಡದ ಮೇಲಿಂದ ವಿಲ್ಸನ್ಸ್ ಪ್ರಾಮ್ ನ್ಯಾಷನಲ್ ಪಾರ್ಕ್ ಕಾಣುತ್ತೆ. ಮಂಜು ನೀವು ಮೆಲ್ಬರ್ನಲ್ಲೇ ಇದೀರ, ವಿಮಾನ ಹತ್ತೋ ಮುಂಚೆ ಈ ಎರಡು ನೋಡಿ.

ಹುವಾನ್_ಹೊಳೆ:
ಸುಬ್ಬು ಅವ್ರೇ, ಟ್ಯಾನಿನ್ ವಿಷ್ಯ ನಿಜ, ಒಪ್ಪಿದೆ. ಆದ್ರೆ ಟ್ಯಾನಿನ್ ಇಲ್ದಿದ್ರೆ ಸೈಡರೇ ಅಲ್ಲ ಅಂದ್ರೆ ಒಪ್ಪಲ್ಲ. ಇಂಗ್ಲೆಂಡಲ್ಲೇ ಪೂರ್ವದ ಕಡೆ, ಕೆಂಟ್ ಸಫೋಕಲ್ಲಿ, ತಿನ್ನೋ ಹಣ್ಣು ಅಡಿಗೆ ಹಣ್ಣಿಂದಾನೇ ಸೈಡರ್ ಮಾಡ್ಕೊಂಡ್ ಬಂದಿಲ್ವಾ? ನೀವು ಪಶ್ಚಿಮದ ಸಾಮರ್ಸೆಟ್ಟನ್ನೇ ಅಳತೆಗೋಲು ಮಾಡ್ಕೊಂಡಿದೀರ.

ಇಲ್ಲಿ ಇರೋದು ಗ್ರ್ಯಾನಿ ಸ್ಮಿತ್, ಪಿಂಕ್ ಲೇಡಿ, ಸನ್‌ಡೌನರ್. ಚೆನ್ನಾಗಿ ಮಾಡೋನ ಕೈಲಿ ಇವು ಹುಳಿ, ಪರಿಮಳ, ಸ್ವಚ್ಛ ರುಚಿ ಕೊಡ್ತವೆ. 12-15 ಡಿಗ್ರಿಲಿ ನಿಧಾನಕ್ಕೆ ಹುಳಿಸಿದ್ರೆ ಹಣ್ಣಿನ ವಾಸನೆ ಹಾರಿಹೋಗಲ್ಲ. ಕೆಲವರು ಹಳೇ ಓಕ್ ಪೀಪಾಯಿಲಿ ಇಡ್ತಾರೆ, ಸ್ವಲ್ಪ ಟ್ಯಾನಿನ್ ಮರದಿಂದಾನೂ ಬರುತ್ತೆ. ಇನ್ನು ಕೆಲವರು ಹೊರಗಿಂದ ಯೀಸ್ಟ್ ಹಾಕೋದೇ ಇಲ್ಲ, ಹಣ್ಣಿನ ಮೇಲೆ, ಪ್ರೆಸ್ ಮೇಲೆ ಇರೋದೇ ಕೆಲ್ಸ ಮಾಡ್ಲಿ ಅಂತ ಬಿಡ್ತಾರೆ, ವೈಲ್ಡ್ ಫರ್ಮೆಂಟ್ ಅಂತ ಬರ್ದಿರುತ್ತೆ. ಅದು ಕೆಲವೊಮ್ಮೆ ಕೊಟ್ಟಿಗೆ ವಾಸನೆ ಬರುತ್ತೆ, ನಂಗಿಷ್ಟ, ನನ್ ಹೆಂಡ್ತಿ ಮೂಗು ಮುಚ್ಕೊತಾಳೆ.

ಇನ್ನೊಂದು, ಇಲ್ಲಿ ರಸ್ತೆ ಪಕ್ಕ ಕಾಡು ಸೇಬಿನ ಮರ ಎಷ್ಟು ಬೇಕು ಅಷ್ಟು. ಯಾರೋ ತಿಂದು ಬಿಸಾಕಿದ ಹಣ್ಣಿಂದ ಹುಟ್ಟಿದ್ದು. ಸೇಬಿನ ಬೀಜ ಹಾಕಿದ್ರೆ ತಾಯಿ ಥರ ಮರ ಬರಲ್ಲ, ಪ್ರತಿ ಬೀಜಾನೂ ಹೊಸ ತಳಿ. ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ತಿನ್ನೋಕೆ ಲಾಯಕ್ಕಿಲ್ಲ, ಸಣ್ಣ, ಹುಳಿ, ಒಗರು. ನಿಮ್ಗೆ ಬೇಕಾದ ಟ್ಯಾನಿನ್ ಅಲ್ಲಿದೆ ಸುಬ್ಬು ಅವ್ರೇ, ಅದನ್ನ ಆರಿಸ್ಕೊಂಡ್ ಬಂದು ಸೈಡರಿಗೆ ಬೆರೆಸೋರು ಇದಾರೆ. ಇಂಗ್ಲೆಂಡಿನ ಕಿಂಗ್‌ಸ್ಟನ್ ಬ್ಲ್ಯಾಕ್ ತಂದು ನೆಡೋದಕ್ಕಿಂತ ಇದು ನಂಗೆ ಹೆಚ್ಚು ಇಂಟರೆಸ್ಟಿಂಗ್.

ಧಾರವಾಡ_ಪೇಢಾ:
ಗ್ರ್ಯಾನಿ ಸ್ಮಿತ್ ಸುದ್ದಿ ಬಂತಲ್ರಿ, ನಾ ಇರೂದು ಸಿಡ್ನಿ ಈಸ್ಟ್‌ವುಡ್ ಬಾಜೂಕ. ಮರಿಯಾ ಆನ್ ಸ್ಮಿತ್ ಅನ್ನೂ ಅಜ್ಜಿ ಇಲ್ಲೇ ಇದ್ಲು, ಟ್ಯಾಸ್ಮೇನಿಯಾದಿಂದ ಬಂದ ಕ್ರ್ಯಾಬ್ ಆಪಲ್ ಸಿಪ್ಪಿ ಹಳ್ಳದ ದಂಡಿಗೆ ಚೆಲ್ಲಿದ್ಲು, ಅದ್ರಾಗಿಂದ ಗಿಡ ಎದ್ದು ಬಂತು ಅಂತ ಹೇಳ್ತಾರ. 1868ರ ಸುಮಾರಿಂದ ಮಾತದು. ಪ್ರತಿ ವರ್ಷ ಅಕ್ಟೋಬರದಾಗ ಆ ಅಜ್ಜಿ ಹೆಸರ್ಲೆ ಜಾತ್ರಿ ಮಾಡ್ತಾರ್ರಿ ಇಲ್ಲಿ, ರಸ್ತಾ ಬಂದ್ ಮಾಡಿ. ಅಂದ್ರ ಗ್ರ್ಯಾನಿ ಸ್ಮಿತ್ ಸೇಬೂ ಹುವಾನ್ ಅಣ್ಣಾರು ಹೇಳಿದ ಬಿಸಾಕಿದ ಬೀಜದಿಂದ್ಲೇ ಬಂದದ್ದು ಆತಲ್ಲ!

ಸಿಡ್ನಿ ಮಂದಿಗೆ ಹೇಳ್ಬೇಕಂದ್ರ ಬಿಲ್ಪಿನ್ ಛಲೋ ಐತಿ, ಬೆಲ್ಸ್ ಲೈನ್ ಆಫ್ ರೋಡ್ ಹಿಡ್ಕೊಂಡ್ ಹೋದ್ರ ಒಂದೂವರಿ ಎರಡು ತಾಸು. ಹಿಲ್‌ಬಿಲ್ಲಿ ಅವ್ರದು ಅಲ್ಲೇ ಐತಿ, ಬಿಲ್ಪಿನ್ ಸೈಡರ್ ಕಂಪನೀನೂ ಐತಿ. ದೂರ ಹೋಗಾವ್ರಿದ್ರ ಬ್ಯಾಟ್ಲೋ. 2020 ಜನವರಿಯೊಳಗ ಕಾಡ್ಗಿಚ್ಚು ಬಂದು ಊರಿಗೂರ ಖಾಲಿ ಮಾಡಿಸಿದ್ರಲ್ರಿ, ತ್ವಾಟ ಸುಟ್ಟು ಹೋಗಿದ್ವು. ಸೇಬಿನ ಗಿಡ ಅಂದ್ರ ಇವತ್ತ ನೆಟ್ಟು ನಾಳೆ ಹಣ್ಣು ಅಲ್ಲ, ವರ್ಷಗಟ್ಟಲೆ ಕಾಯ್ಬೇಕು. ಆ ಊರಿನ ಬಾಟ್ಲಿ ಕಂಡ್ರ ನಾ ಬಿಡೂದಿಲ್ಲ ನೋಡ್ರಿ, ರುಚಿ ಆಮ್ಯಾಲೆ.

ಬೀರ್‌ಬಲ್:
ಇಷ್ಟೆಲ್ಲಾ ಕಥೆ ಸರಿ, ಒಂದು ಕೇಸ್ ಕ್ರಾಫ್ಟ್ ಸೈಡರ್ ದುಡ್ಡಲ್ಲಿ ದೊಡ್ಡ ಬ್ರ್ಯಾಂಡಿಂದು ಎರಡು ಕೇಸ್ ಬರುತ್ತೆ. ಯಾಕೆ ಕೊಡ್ಬೇಕು ಅಷ್ಟು?

ಹುವಾನ್_ಹೊಳೆ:
ಕಾನ್ಸಂಟ್ರೇಟ್. ಅಗ್ಗದ್ದರಲ್ಲಿ ಬಹಳಷ್ಟು ಹೊರದೇಶದಿಂದ ಬಂದ ಗಟ್ಟಿ ಆಪಲ್ ರಸಕ್ಕೆ ನೀರು ಬೆರೆಸಿ ಮಾಡಿದ್ದು. ತೋಟದಲ್ಲಿ ಹಣ್ಣು ಅರೆದು, ಹಿಂಡಿ, ತಿಂಗಳುಗಟ್ಟಲೆ ಟ್ಯಾಂಕಲ್ಲಿಟ್ಟಿದ್ದು ಅದೇ ರೇಟಿಗೆ ಬರೋಕೆ ಸಾಧ್ಯ ಇಲ್ಲ. ಕಾನೂನು ಪ್ರಕಾರ ಎರಡೂ ಸೈಡರೇ, ಅದೇ ತಲೆನೋವು. ಸೈಡರ್ ಆಸ್ಟ್ರೇಲಿಯಾ ಅಂತ ಮಾಡೋರ ಸಂಘ ಇದೆ, ಅವ್ರು 'ನೂರಕ್ಕೆ ನೂರು ಆಸ್ಟ್ರೇಲಿಯಾದಲ್ಲಿ ಬೆಳೆದ ಹಣ್ಣು' ಅನ್ನೋ ಅರ್ಥದ ಒಂದು ಮಾರ್ಕ್ ತಂದಿದಾರೆ, ಬಾಟಲ್ ಮೇಲೆ ಅದು ಕಂಡ್ರೆ ಕಣ್ಮುಚ್ಕೊಂಡು ತಗೊಳಿ. ಇಲ್ಲಾಂದ್ರೆ ಹಿಂದಿನ ಲೇಬಲ್ ಓದಿ, 'ರೀಕಾನ್‌ಸ್ಟಿಟ್ಯೂಟೆಡ್' ಅಂತಿದ್ರೆ ವಾಪಸ್ ಶೆಲ್ಫಿಗೆ.

ಲೆಕ್ಕದ_ಲಕ್ಷ್ಮಿ:
ಟ್ಯಾಕ್ಸ್ ಕೆಲ್ಸ ನಂದು, ಇಲ್ಲಿ ಒಂದು ಮಜಾ ಇದೆ. ಸೇಬು ಅಥವಾ ಪೇರ್ ರಸ ಹುಳಿಸಿ, ಬೇರೆ ಬಣ್ಣ ಫ್ಲೇವರ್ ಏನೂ ಸೇರಿಸ್ದೇ ಇದ್ರೆ ಅದಕ್ಕೆ ವೈನಿನ ಟ್ಯಾಕ್ಸು, ಹೋಲ್‌ಸೇಲ್ ಬೆಲೆ ಮೇಲೆ 29 ಪರ್ಸೆಂಟ್. ಅದೇ ಸೈಡರಿಗೆ ಸ್ಟ್ರಾಬೆರಿ ಫ್ಲೇವರ್ ಸೇರಿಸಿದ್ರೋ, ಕಾನೂನಿನ ಕಣ್ಣಲ್ಲಿ ಅದು ಸೈಡರೇ ಅಲ್ಲ, ಎಕ್ಸೈಸ್ ಬೀಳುತ್ತೆ, ಅದೂ ಆಲ್ಕೋಹಾಲ್ ಎಷ್ಟು ಲೀಟರ್ ಇದೆ ಅನ್ನೋ ಲೆಕ್ಕದಲ್ಲಿ. ಅಗ್ಗಕ್ಕೆ ಮಾರೋನಿಗೆ ಬೆಲೆ ಮೇಲಿನ ಟ್ಯಾಕ್ಸ್ ಲಾಭ, ಹಾಗಾಗಿ ಬೀರ್‌ಬಲ್ ಅವ್ರೇ ನಿಮ್ಮ ಎರಡು ಕೇಸ್ ಲೆಕ್ಕದಲ್ಲಿ ಇದೂ ಸೇರಿದೆ. ದುಬಾರಿ ಹಣ್ಣು ಹಾಕಿ ಮಾಡೋನು ಬಾಟಲಿಗೆ ಜಾಸ್ತಿ ಟ್ಯಾಕ್ಸ್ ಕಟ್ತಾನೆ. ಸಣ್ಣೋರಿಗೆ ರಿಬೇಟ್ ಇದೆ ಅನ್ನಿ.

ಕುಡ್ಲ_ಅಕ್ಕ:
ಅಬ್ಬಾ ಲಕ್ಷ್ಮಿ, ಇಷ್ಟು ದಿನ ಗೊತ್ತಿರ್ಲಿಲ್ಲ ನಂಗೆ.

ಊಟದ ವಿಷ್ಯ ಯಾರಾದ್ರೂ ಮಾತಾಡಿ ಮಾರಾಯ್ರೆ. ನಮ್ಮ ಮನೆಯಲ್ಲಿ ಚಿಕನ್ ಘೀ ರೋಸ್ಟ್ ಮಾಡಿದ ದಿವಸ ಪೂರ್ತಿ ಡ್ರೈ ಇದ್ದದ್ದು ಬೇಡ, ಖಾರ ಇನ್ನೂ ಏರ್ತದೆ, ಟ್ಯಾನಿನ್ ಇದ್ದದ್ದಂತೂ ಬೇಡವೇ ಬೇಡ. ಸ್ವಲ್ಪ ಸಿಹಿ ಉಳಿಸಿದ್ದು, ಆಲ್ಕೋಹಾಲ್ ಕಮ್ಮಿ ಇದ್ದದ್ದು, ಚೆನ್ನಾಗಿ ತಣ್ಣಗೆ ಮಾಡಿ. ಮೀನು ಫ್ರೈಗೆ ಡ್ರೈ ಇದ್ದದ್ದು ಭಾರಿ ಹೊಂದ್ತದೆ, ನಿಂಬೆ ಹಿಂಡುವುದೇ ಬೇಡ.

ಸಾಮರ್ಸೆಟ್_ಸುಬ್ಬು:
ಹಂದಿ ಮಾಂಸ ತಿನ್ನೋರಿಗೆ ಪಂದಿ ಕರಿ ಜೊತೆ ಟ್ಯಾನಿನ್ ಇರೋ ಸೈಡರ್. ನಮ್ ಪಕ್ಕದ್ಮನೆ ಕೊಡವರು ಊರಿಂದ ಕಾಚಂಪುಳಿ ತರ್ತಾರೆ, ಆ ಕಪ್ಪು ಹುಳಿ, ಕೊಬ್ಬು, ಮೇಲಿಂದ ಒಗರು ಸೈಡರ್. ಇದ್ರಲ್ಲಿ ಹುವಾನ್ ಅವ್ರ ಪಿಂಕ್ ಲೇಡಿ ನಿಲ್ಲಲ್ಲ, ಪಂದ್ಯ ಕಟ್ತೀನಿ. ಇನ್ನೊಂದು, ಟ್ಯಾನಿನ್ ಇರೋದನ್ನ ಫ್ರಿಜ್ಜಿಂದ ತೆಗ್ದು ಹಾಗೇ ಕುಡೀಬೇಡಿ, 10-12 ಡಿಗ್ರಿಗೆ ಬರ್ಲಿ, ವೈನ್ ಗ್ಲಾಸಲ್ಲಿ ಹಾಕಿ. ಐಸ್ ತುಂಬಿದ ಗ್ಲಾಸಿಗೆ ಒಳ್ಳೆ ಸೈಡರ್ ಸುರಿಯೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ.

ಹುವಾನ್_ಹೊಳೆ:
ಪಂದಿ ಕರಿ ವಿಷ್ಯದಲ್ಲಿ ನೀವೇ ಗೆದ್ರಿ ಬಿಡಿ, ಅದಕ್ಕೆ ವಾದ ಇಲ್ಲ. ಚಕ್ಲಿ, ಕಾಂಗ್ರೆಸ್ ಕಡ್ಲೆಕಾಯಿಗೆ ಮಾತ್ರ ನಂದೇ.

ತರೀಕೆರೆ_ತನು:
ಹೊಸಬಳು, ಒಂದು ಪ್ರಶ್ನೆ. ಮನೇಲಿ ಮಾಡ್ಬಹುದಾ ಇದನ್ನ? ಕಾನೂನು ಬಿಡುತ್ತಾ?

ಲೆಕ್ಕದ_ಲಕ್ಷ್ಮಿ:
ಸ್ವಂತಕ್ಕೆ ಮಾಡ್ಕೋಬಹುದು, ಮಾರೋ ಹಾಗಿಲ್ಲ. ಭಟ್ಟಿ ಇಳಿಸೋದು ಮಾತ್ರ ಲೈಸೆನ್ಸ್ ಇಲ್ದೆ ಅಪರಾಧ, ಅದರ ಸುದ್ದಿಗೇ ಹೋಗ್ಬೇಡಿ.

ಹುವಾನ್_ಹೊಳೆ:
ತನು, ಸುಲಭ ಇದೆ. ಆಪಲ್ ಜ್ಯೂಸ್ ತರುವಾಗ ಲೇಬಲಲ್ಲಿ 202 ನಂಬರ್ ಪ್ರಿಸರ್ವೇಟಿವ್ ಇದ್ಯಾ ನೋಡಿ, ಅದಿದ್ರೆ ಯೀಸ್ಟ್ ಏಳಲ್ಲ. 300 ಅಂತಿದ್ರೆ ಅದು ವಿಟಮಿನ್ ಸಿ, ಪರ್ವಾಗಿಲ್ಲ. ಪಾತ್ರೆ ಪೈಪು ಎಲ್ಲಾ ಸ್ಯಾನಿಟೈಸ್ ಮಾಡಿ, ಜ್ಯೂಸಿಗೆ ಸೈಡರ್ ಯೀಸ್ಟೋ ಷಾಂಪೇನ್ ಯೀಸ್ಟೋ ಹಾಕಿ, ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಇಟ್ಟು ಮನೆಯ ತಂಪಾದ ಮೂಲೆಲಿ ಇಡಿ. ಗುಳ್ಳೆ ನಿಂತು, ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸೋ ಹೈಡ್ರೋಮೀಟರ್ ಕೆಲವು ದಿನ ಒಂದೇ ನಂಬರ್ ತೋರಿಸ್ದಾಗ ಬಾಟಲ್ ಮಾಡಿ. ಅವಸರ ಮಾಡಿ ಸಕ್ಕರೆ ಇನ್ನೂ ಉಳಿದಿರುವಾಗ ಬಿರಡೆ ಹಾಕಿದ್ರೆ ಬಾಟಲ್ ಸಿಡಿಯುತ್ತೆ, ಗಾಜು ತಮಾಷೆ ಅಲ್ಲ. ಮಧ್ಯದಲ್ಲಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹೆದರ್ಬೇಡಿ, ಯೀಸ್ಟಿಗೆ ಪೋಷಕಾಂಶ ಸಾಲ್ತಿಲ್ಲ ಅಂತ, ಹೋಂಬ್ರೂ ಅಂಗಡಿಲಿ ನ್ಯೂಟ್ರಿಯಂಟ್ ಪುಡಿ ಸಿಗುತ್ತೆ. ಸೂಪರ್‌ಮಾರ್ಕೆಟ್ ಜ್ಯೂಸ್ ಸ್ವಲ್ಪ ಸಪ್ಪೆ ಆಗುತ್ತೆ, ಹಾಗಾಗಿ ಗ್ರ್ಯಾನಿ ಸ್ಮಿತ್ ಹಿಂಡಿ ಸೇರ್ಸಿದ್ರೆ ಹುಳಿ ಬರುತ್ತೆ.

ಕುಡಿಯಲ್ಲ_ಡ್ರೈವ್_ಮಾಡ್ತೀನಿ:
ನಾನು ಕುಡಿಯೋದೇ ಇಲ್ಲ, ಎಲ್ಲಾ ಟ್ರಿಪ್ಪಲ್ಲೂ ನಾನೇ ಡ್ರೈವರ್, ಹಾಗಾಗಿ ಈ ಥ್ರೆಡ್ಡಲ್ಲಿ ಹೇಳಲೇಬೇಕಾದ್ದು ಒಂದಿದೆ. ಜನ ಸೈಡರನ್ನ ಜ್ಯೂಸ್ ಅನ್ಕೊಂಡು ಎತ್ತುತ್ತಾರೆ. 5 ಪರ್ಸೆಂಟಿಂದು 330 ಎಂಎಲ್ ಅಂದ್ರೆ 1.3 ಸ್ಟ್ಯಾಂಡರ್ಡ್ ಡ್ರಿಂಕ್ (ಒಂದು ಅಂದ್ರೆ 10 ಗ್ರಾಂ ಆಲ್ಕೋಹಾಲ್). ಸುಬ್ಬು ಅವ್ರ ಥರದ 7 ಪರ್ಸೆಂಟ್ ದೊಡ್ಡ ಬಾಟಲಿ, 750 ಎಂಎಲ್, ನಾಲ್ಕು ದಾಟುತ್ತೆ. ಇಲ್ಲಿ ಡ್ರೈವ್ ಮಾಡೋರ ರಕ್ತದಲ್ಲಿ ಆಲ್ಕೋಹಾಲ್ ಲಿಮಿಟ್ 0.05, ಹೊಸ ಡ್ರೈವರ್‌ಗಳ ಪಿ ಪ್ಲೇಟ್ ಇದ್ರೆ ಸೊನ್ನೆ. ಟೇಸ್ಟಿಂಗ್ ಪ್ಯಾಡಲ್ ಮೇಲೆ ಪುಟ್ಟ ಪುಟ್ಟ ಗ್ಲಾಸ್ ಇಟ್ಟಿರ್ತಾರೆ, ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಕೂಡಿಸಿ ನೋಡಿ. ಹಾರ್ಕೋರ್ಟಿಗೆ ಹೋಗೋರು ಬೆಂಡಿಗೋ ಟ್ರೇನಲ್ಲಿ ಕ್ಯಾಸಲ್‌ಮೇನ್ ತನಕ ಹೋಗಿ ಟ್ಯಾಕ್ಸಿ ಹಿಡಿಬಹುದು.

ಮಂಜು_ಮೆಲ್ಬರ್ನ್:
ಡ್ರೈವರ್ ಹೆಂಡ್ತಿನೇ, ಮೀನಿನ ವಿಷ್ಯ ಕೇಳಿದ್ಮೇಲೆ ಅವಳಾಗೇ ಒಪ್ಕೊಂಡ್ಲು 😂 ಅವಳಿಗೆ ಅಲ್ಲಿ ಬೇರೇನಾದ್ರೂ ಇದ್ಯಾ? ಮತ್ತೆ ಪೇರ್ ಸೈಡರ್ ಹೇಗೆ?

ಹುವಾನ್_ಹೊಳೆ:
ಆಪಲ್ ಶೆಡ್ಡಲ್ಲಿ ಮ್ಯೂಸಿಯಂ ಇದೆ, ಹಳೇ ತಳಿಗಳ ಸೇಬು ಗೋಡೆ ತುಂಬಾ ಜೋಡಿಸಿಟ್ಟಿದಾರೆ, ಮಕ್ಕಳಿಗೂ ಇಷ್ಟ ಆಗುತ್ತೆ. ಏಪ್ರಿಲ್ ಅಂದ್ರೆ ಕೊಯ್ಲು, ರಸ್ತೆ ಬದಿಲಿ ಹಣ್ಣಿಟ್ಟು ಪಕ್ಕ ಒಂದು ಡಬ್ಬಿ ಇಟ್ಟಿರ್ತಾರೆ, ಯಾರೂ ಇರಲ್ಲ, ನೀವೇ ದುಡ್ಡು ಹಾಕಿ ತಗೊಂಡ್ ಹೋಗೋದು. ಚಿಲ್ಲರೆ ಇಟ್ಕೊಂಡಿರಿ.

ಪೇರಲ್ಲಿ ಸಾರ್ಬಿಟಾಲ್ ಅಂತ ಒಂದಿದೆ, ಯೀಸ್ಟ್ ಅದನ್ನ ತಿನ್ನಲ್ಲ, ಹಾಗಾಗಿ ಏನೂ ಸೇರಿಸ್ದೇನೂ ಸ್ವಲ್ಪ ಸಿಹಿ ಉಳಿಯುತ್ತೆ. ನಿಮ್ಗೆ ಬೇಡ ಅನ್ಸುತ್ತೆ. ಹೊಟ್ಟೆ ನಾಜೂಕಿರೋರಿಗೂ ಕೆಲವೊಮ್ಮೆ ಆಗಲ್ಲ. ಕುತೂಹಲ ಇದ್ರೆ ಇನ್ನೊಂದಿಷ್ಟು ದಕ್ಷಿಣಕ್ಕೆ ಫ್ರ್ಯಾಂಕ್ಲಿನ್ ಊರಲ್ಲಿ ಫ್ರ್ಯಾಂಕ್ಸ್ ಸೈಡರ್ ಇದೆ, ನದಿ ಪಕ್ಕ, ಅವ್ರ ಪೇರ್ ಒಂದು ಗುಟುಕು ನೋಡಿ.

ಒಂದೇ ಬೇಜಾರು ನೀವು ಜುಲೈಲಿ ಬರ್ತಿಲ್ಲ. ಚಳಿಲಿ ಮಿಡ್‌ವಿಂಟರ್ ಫೆಸ್ಟಿವಲ್ ಮಾಡ್ತಾರೆ, ರಾತ್ರಿ ತೋಟಕ್ಕೆ ಹೋಗಿ ಪಾತ್ರೆ ಬಡಿದು ಕೂಗಾಡಿ ಕೆಟ್ಟದ್ದನ್ನ ಓಡ್ಸೋದು, ಮರದ ಬುಡಕ್ಕೆ ಸೈಡರ್ ಸುರಿಯೋದು, ಕೊಂಬೆಗೆ ಸೈಡರಲ್ಲಿ ಅದ್ದಿದ ಬ್ರೆಡ್ ಸಿಗಿಸೋದು. ಇಂಗ್ಲೆಂಡಿನ ಹಳೇ ವಾಸೈಲ್ ಪದ್ಧತಿ. ಮೊದಲ ಸಲ ನೋಡಿದಾಗ ನಂಗೆ ನಮ್ ಮಲ್ನಾಡಿನ ಭೂಮಿ ಹುಣ್ಣಿಮೆನೇ ಕಣ್ಮುಂದೆ ಬಂತು, ಗದ್ದೆಗೆ ತೋಟಕ್ಕೆ ಚರಗ ಬೀರಿ ಕೂಗ್ತೀವಲ್ಲ ಅದು.

ತರೀಕೆರೆ_ತನು:
ಅಯ್ಯೋ ಹೌದು!! ನಮ್ಮನೇಲಿ ರಾತ್ರಿಯಿಡೀ ಅಡಿಗೆ ಮಾಡ್ತಿದ್ರು.

ಮಂಜು_ಮೆಲ್ಬರ್ನ್:
ಅಣ್ಣಾ ಕೊನೇ ಪ್ರಶ್ನೆ. ಸುಬ್ಬು ಅವ್ರು ಹೇಳಿದ ಹಾರ್ಕೋರ್ಟಿಗೆ ಮುಂಚಿನ ವಾರ ಹೋಗ್ತೀವಿ, ಅಲ್ಲಿಂದ ಸೈಡರ್ ಸೇಬು ಸಿಕ್ರೆ ನಾಲ್ಕು ತರ್ಲಾ ನಿಮ್ಗೆ? ಟ್ಯಾನಿನ್ ಪಂದ್ಯ ಅಲ್ಲೇ ಮುಗಿಸಣ.

ಹುವಾನ್_ಹೊಳೆ:
ಬೇಡ್ವೇ ಬೇಡ! ಹೊರಗಿನ ಹಣ್ಣು ಟ್ಯಾಸ್ಮೇನಿಯಾಗೆ ತರೋ ಹಾಗಿಲ್ಲ, ಇಲ್ಲಿ ತೋಟಕ್ಕೆ ಹುಳ ರೋಗ ಬರ್ಬಾರ್ದು ಅಂತ. ಏರ್‌ಪೋರ್ಟಲ್ಲಿ ಬಯೋಸೆಕ್ಯೂರಿಟಿ ನಾಯಿ ಬಂದು ನಿಮ್ ಬ್ಯಾಗ್ ಪಕ್ಕ ಕೂತ್ಕೊಂಡ್ರೆ ಮುಗೀತು, ಮಗು ಡಬ್ಬಿಲಿರೋ ಹೆಚ್ಚಿದ ಆಪಲನ್ನೂ ಬಿಡಲ್ಲ, ಇಳಿಯೋ ಮುಂಚೆ ತಿನ್ಸಿ ಖಾಲಿ ಮಾಡಿ. ಬಾಟಲ್ ತರ್ಬಹುದು, ಅದಕ್ಕೆ ಅಡ್ಡಿ ಇಲ್ಲ. ಹೆನ್ರಿ ಅವ್ರದು ಒಂದು ತನ್ನಿ, ಕಿಂಗ್‌ಸ್ಟನ್ ಬ್ಲ್ಯಾಕ್ ಸಿಕ್ರೆ ಅದೇ.

ಸಾಮರ್ಸೆಟ್_ಸುಬ್ಬು:
ಹಾ! ಎರಡು ತಗೊಂಡ್ ಹೋಗಿ ಮಂಜು, ಒಂದು ಅವ್ರಿಗೆ ಸಾಲಲ್ಲ.